ಕಲ್ಲವ್ವಜ್ಜಿಯ ಕೋಲಿನ ರಬ್ಬರು

ಹೂಂ ಅನ್ನುತ್ತಾ ಕೇಳಿ. ಹೂಂ ಅನ್ನದಿದ್ದರೆ ಕಥೆಯೇ ಕಾಲು ಜಾರಿ ಬೀಳುತ್ತದೆ.

ಒಬ್ಬಳು ಕಲ್ಲವ್ವಜ್ಜಿ. ಅಜ್ಜಿಗೊಂದು ಕೋಲು. ಕೋಲಿನ ತುದಿಗೊಂದು ರಬ್ಬರು. ಒಂದು ಬೆಳಿಗ್ಗೆ ರಬ್ಬರು ಕಿತ್ತುಬಂದು ಗಟಾರಕ್ಕೆ ಬಿತ್ತು, ನೀರಲ್ಲಿ ಕೊಚ್ಚಿಕೊಂಡೇ ಹೋಯಿತು. ಕೋಲು ಇತ್ತ ಸರ್ರ್, ಅತ್ತ ಸರ್ರ್. ಬಿದ್ದರೆ ಸೊಂಟ ಮುರಿಯುತ್ತದೆ. ಸೊಂಟ ಮುರಿದರೆ ಮೂಲೆಯ ಹಾಸಿಗೆಯೇ ಗತಿ. ಅಜ್ಜಿಗೆ ಭಯವಾಯಿತು.

ಗೋಡೆ ಹಿಡಿದು ಹೋದಳು, ಚಪ್ಪಲಿ ಹೊಲಿಯುವ ದುರ್ಗಪ್ಪನ ಹತ್ತಿರ. ಕೋಲಿಗೆ ರಬ್ಬರಿಲ್ಲ, ಹಳೆ ಟೈರು ಕೊಯ್ದು ಹಾಕಿಕೊಡು ಅಂದಳು. ಮಹಾ ಕೆಲಸಗಾರ, ತಲೆಯನ್ನೂ ಎತ್ತಲಿಲ್ಲ.

“ಬಿದ್ದೀಯೇನ್ಬೇ ಅಜ್ಜಿ?”

“ಇಲ್ಲಪಾ.”

“ಹಂಗಾರ ಬಿದ್ದ ಮ್ಯಾಲ ಬಾ.”

ಗೋಡೆ ಹಿಡಿದು ಹೋದಳು, ದುರ್ಗಪ್ಪನ ಹೆಂಡತಿ ಹುಲಿಗೆವ್ವನ ಹತ್ತಿರ. ದುರ್ಗಪ್ಪ ಟೈರು ಕೊಯ್ಯಲೊಲ್ಲ, ಕೋಲಿಗೆ ರಬ್ಬರಿಲ್ಲ, ನೀನಾದರೂ ಗದರಿಸು ಅಂದಳು. ಹುಲಿಗೆವ್ವ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

“ಬಿದ್ದೀಯೇನ್ಬೇ ಅಜ್ಜಿ?”

“ಇಲ್ಲವಾ.”

“ಹಂಗಾರ ಬಿದ್ದ ಮ್ಯಾಲ ಬಾ.”

ಗೋಡೆ ಹಿಡಿದು ಹೋದಳು, ಊರ ಗೌಡನ ಹತ್ತಿರ. ಹುಲಿಗೆವ್ವ ಗದರಿಸಲೊಲ್ಲಳು, ದುರ್ಗಪ್ಪ ಟೈರು ಕೊಯ್ಯಲೊಲ್ಲ, ಕೋಲಿಗೆ ರಬ್ಬರಿಲ್ಲ, ನೀವಾದರೂ ಹೇಳಿ ಅಂದಳು. ಗೌಡ ಅಜ್ಜಿಗಿಂತ ಎರಡೇ ವರ್ಷ ಚಿಕ್ಕವ. ಮೀಸೆಗೆ ಕಪ್ಪು ಬಳಿದುಕೊಂಡು ಹುಡುಗನಾಗಿಬಿಟ್ಟಿದ್ದ!

“ಬಿದ್ದೀಯೇನ್ಬೇ ಮುದುಕಿ?”

“ಇಲ್ರೀ ಗೌಡ್ರ.”

“ಹಂಗಾರ ಬಿದ್ದ ಮ್ಯಾಲ ಬಾ.”

ಗೋಡೆ ಹಿಡಿದು ಹೋದಳು, ಗೌಡನ ಹುಂಜದ ಹತ್ತಿರ. ಗೌಡ ಹೇಳಲೊಲ್ಲ, ಹುಲಿಗೆವ್ವ ಗದರಿಸಲೊಲ್ಲಳು, ದುರ್ಗಪ್ಪ ಟೈರು ಕೊಯ್ಯಲೊಲ್ಲ, ಕೋಲಿಗೆ ರಬ್ಬರಿಲ್ಲ, ನೀನಾದರೂ ಗೌಡನನ್ನು ಕುಕ್ಕು ಅಂದಳು. ಹುಂಜ ಒಂಟಿ ಕಾಲಲ್ಲಿ ನಿಂತು ಜುಟ್ಟು ಕುಣಿಸಿತು. ಯಜಮಾನನಂತೆ ಅದಕ್ಕೂ ಜಂಬ.

“ಬಿದ್ದೀಯೇನ್ಬೇ ಮುದುಕಿ?”

“ಇಲ್ಲಪಾ.”

“ಹಂಗಾರ ಬಿದ್ದ ಮ್ಯಾಲ ಬಾ.”

ಇನ್ನು ಹೋಗಲು ಗೋಡೆಯೇ ಇಲ್ಲ. ಅಜ್ಜಿ ಅಲ್ಲೇ ಕೂತಳು. ಕಾಲ ಬಳಿ ಒಂದು ಇರುವೆ. ಹುಂಜ ಕುಕ್ಕಲೊಲ್ಲದು, ಗೌಡ ಹೇಳಲೊಲ್ಲ, ಹುಲಿಗೆವ್ವ ಗದರಿಸಲೊಲ್ಲಳು, ದುರ್ಗಪ್ಪ ಟೈರು ಕೊಯ್ಯಲೊಲ್ಲ, ಕೋಲಿಗೆ ರಬ್ಬರಿಲ್ಲ ಅಂದಳು. ಇರುವೆಗೆ ಸಿಟ್ಟು ಬಂತು.

“ಬೀಳೂತನಕ ಯಾಕ ಕಾಯಬೇಕು? ತಡೀಬೇ ಅಜ್ಜಿ.”

ಇರುವೆ ಹುಂಜವನ್ನು ಕಡಿಯಿತು. ಹುಂಜ ಹಾರಿ ಗೌಡನ ಕಾಲು ಕುಕ್ಕಿತು. ಗೌಡ ಆ ಕಾಲೆತ್ತಿದ. ಒಂಟಿ ಕಾಲಲ್ಲಿ ನಿಂತ. ಒಂದು, ಎರಡು, ಧೊಪ್! ಅಂಗಳದ ಹೊಟ್ಟಿನ ರಾಶಿಯ ಮೇಲೆ ಅಂಗಾತ ಬಿದ್ದ. ಎಲುಬು ಉಳಿಯಿತು, ಜಂಬ ಮುರಿಯಿತು.

“ಎಬ್ಬಿಸಬೇ ಅಕ್ಕಾ,” ಅಂದ. ಈಗ ಅಕ್ಕ!

“ಕೋಲ ಜಾರತೈತ್ರಿ ಗೌಡ್ರ. ಹಿಡಿದ್ರ ಇಬ್ಬರೂ ಬೀಳ್ತೀವಿ.”

ಗೌಡ ಮಲಗಿದಲ್ಲಿಂದಲೇ ಕೂಗಿ ಹುಲಿಗೆವ್ವನಿಗೆ ಹೇಳಿದ. ಹುಲಿಗೆವ್ವ ದುರ್ಗಪ್ಪನನ್ನು ಗದರಿಸಿದಳು. ದುರ್ಗಪ್ಪ ಟೈರು ಕೊಯ್ದ. ಕೋಲಿಗೆ ರಬ್ಬರು ಬಂತು. ಕೋಲು ನೆಲ ಹಿಡಿಯಿತು. ಅಜ್ಜಿ ಕೋಲು ಚಾಚಿದಳು, ಗೌಡ ಹಿಡಿದು ಎದ್ದ.

ಮರುದಿನ ಗೌಡ ಗೋಡೆ ಹಿಡಿದು ದುರ್ಗಪ್ಪನ ಹತ್ತಿರ ಬಂದ. ನನಗೂ ರಬ್ಬರು ಹಾಕಿದ ಕೋಲು ಬೇಕು ಅಂದ. ದುರ್ಗಪ್ಪ ಬಾಯಿ ತೆರೆಯುವ ಮೊದಲೇ ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿ ನಿಂತಳು.

“ಕೊಡಪಾ ದುರ್ಗಪ್ಪ,” ಅಂದಳು. “ಗೌಡ್ರು ಬಿದ್ದ ಮ್ಯಾಲ ಬಂದಾರ.”