ಸರಪಳಿ ಬಾಗಿದ ದಿನ

ಪಟ್ಟಣದಂಚಿನ ಹೊಲವನ್ನು ನಿವೇಶನಗಳಾಗಿ ಒಡೆಯಲು ಅಳತೆಯ ಸರಪಳಿ ತನ್ನ ಗೂಟಗಳೊಡನೆ ಬಂದಿತ್ತು. ಸರಪಳಿ ಅಳೆದದ್ದೇ ನಕ್ಷೆ, ಆ ನಕ್ಷೆಗೇ ಒಪ್ಪಿಗೆ. ಅಂದಿನ ನಿಯಮ ಅಷ್ಟೇ. ಹದಿನಾಲ್ಕನೆಯ ನಿವೇಶನ ಬರಬೇಕಿದ್ದ ಜಾಗದ ಮೂಲೆಯಲ್ಲಿ ಒಂದು ಬಿಲವಿತ್ತು. ಅದರಿಂದ ತಾಯಿ ಏಡಿ ಹೊರಬಂತು.

"ಸರಪಳಿಯಣ್ಣ, ಇದು ನೀರಿನ ದಾರಿ. ಆಚೆಯ ಬಡಾವಣೆಯಲ್ಲೂ ಹೀಗೇ ಮುಚ್ಚಿದಿರಿ. ನನ್ನ ಮರಿಗಳು ಮಣ್ಣಿನಡಿ ಉಳಿದವು. ಈ ಬಿಲದಲ್ಲಿ ಮತ್ತೆ ಮರಿಗಳಿವೆ. ಒಂದು ಮಳೆ ನೋಡಿ, ಆಮೇಲೆ ಗೂಟ ನೆಡಿ."

ಸರಪಳಿ ನಕ್ಕಿತು. "ನಾನು ಬೇಸಿಗೆಯಲ್ಲಷ್ಟೇ ಅಳೆಯುವವನು. ಮೂವತ್ತು ವರ್ಷದಲ್ಲಿ ಎಲ್ಲೂ ನೀರು ಕಂಡಿಲ್ಲ. ಅಡ್ಡಡ್ಡ ನಡೆಯುವವಳು ನನಗೆ ಗೆರೆ ಕಲಿಸುತ್ತೀಯಾ, ಏಡಿಯಮ್ಮ?"

ಮೊದಲ ಗೂಟ ನೆಡುವ ಮುನ್ನವೇ ಅಕಾಲದ ಮಳೆ ಸುರಿಯಿತು. ಹೊಲದಲ್ಲಿ ನೀಳವಾಗಿ ಮಲಗಿದ್ದ ಸರಪಳಿ ನೀರು ಬರುವುದನ್ನು ಕಂಡಿತು. ನೀರು ಯಾರನ್ನೂ ಕೇಳಲಿಲ್ಲ, ಎಲ್ಲೂ ತಡವರಿಸಲಿಲ್ಲ. ಗುರುತೇ ಇಲ್ಲದ ನೆಲದಲ್ಲಿ ತನ್ನ ಹಳೆಯ ತಿರುವುಗಳನ್ನೆಲ್ಲ ನೆನಪಿಟ್ಟುಕೊಂಡು ಬಂತು. ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಎತ್ತಿ, ದಡಕ್ಕೆ ಸರಿಸಿ, ಕೆರೆಯತ್ತ ನಡೆಯಿತು.

ಮಳೆ ನಿಂತಾಗ ಸರಪಳಿ ಆ ದಾರಿಯ ಅಂಚಿನುದ್ದಕ್ಕೂ ಬಾಗಿ ಮಲಗಿತ್ತು. ಒಂದು ಕೊಂಡಿಯೂ ಆಚೀಚೆ ಇರಲಿಲ್ಲ.

"ಯಜಮಾನರೇ, ನೆಟ್ಟಗೆ ಎಳೆದು ಮತ್ತೆ ಅಳೆಯೋಣವೇ?" ಎಂದು ಗೂಟಗಳು ಕೇಳಿದವು.

"ನನ್ನನ್ನು ಅಲುಗಿಸಬೇಡಿ," ಎಂದು ಸರಪಳಿ ಮೆಲ್ಲಗೆ ಹೇಳಿತು. "ಈ ಗೆರೆಯನ್ನೇ ಬರೆದುಕೊಳ್ಳಿ. ಇನ್ನು ಮಳೆ ಕಂಡ ಮೇಲೆಯೇ ಅಳತೆ, ನೀರಿನ ಪಾಲು ಬಿಟ್ಟ ಮೇಲೆಯೇ ಒಪ್ಪಿಗೆ."

ಏಡಿ ಬಿಲದ ಬಾಯಲ್ಲಿ ನಿಂತು ಒಳಗೆ ಕೂಗಿತು: "ಬನ್ನಿ ಮಕ್ಕಳೇ, ನೀರು ಬಂದಿದೆ."