ಬಾಯಿ ತೆರೆದ ಗಳಿಗೆಗೆ ಪಾವು ರಾಗಿ

ಹೆಬ್ಬಳಗೆರೆಯ ಪಾಳೆಯಗಾರ ಮುದಿಯಪ್ಪ ನಾಯಕ ಒಂದು ದಿನ ಊರಿನ ಆರು ಮಂದಿ ಐಗಳನ್ನು, ಅಂದರೆ ಮಠದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವರನ್ನು, ಚಾವಡಿಗೆ ಕರೆಸಿದ.

“ಇಷ್ಟು ದಿನ ಬೆಳಗಿನಿಂದ ಸಂಜೆತನಕ ದುಡಿದರೂ ನಿಮಗೆ ಎಂಟೇ ಪಾವು ರಾಗಿ. ಇನ್ನು ಮೇಲೆ ಗಳಿಗೆಗೊಂದು ಪಾವು. ಇಂಥ ಸಂಬಳ ಕೊಡುವ ದೊರೆ ಸುತ್ತ ಏಳು ಪಾಳೆಯಪಟ್ಟಿನಲ್ಲಿ ಇದ್ದರೆ ತೋರಿಸಿ, ನೋಡೋಣ.”

ಪಾರುಪತ್ಯಗಾರ ಸುಬ್ಬರಸಯ್ಯ ತಾನೇ ಬರೆದ ಕರಾರನ್ನು ಗಡಗಡ ಓದಿದ. ಮಠ ತೆರೆದಿರುವುದು ದಿನಕ್ಕೆ ಇಪ್ಪತ್ತು ಗಳಿಗೆ. ಐಗಳು ಮನಸ್ಸಿನಲ್ಲೇ ಇಪ್ಪತ್ತು ಪಾವು ಅಳೆದುಕೊಂಡು ತಲೆಯಾಡಿಸಿದರು. ಮಾರನೆಯ ದಿನ ಊಟವಾದ ಮೇಲೆ ಮುದ್ರೆ ಒತ್ತುವುದೆಂದು ನಿಶ್ಚಯವಾಯಿತು.

ಹಿರಿಯರಾದ ಪರ್ವತಯ್ಯ ಐಗಳು ಆ ಸಂತೋಷದಲ್ಲೇ, ಕರಾರಿನ ಒಂದು ಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು, ಅರಮನೆಯ ಅಡುಗೆಮನೆ ಬಾಗಿಲಿಗೆ ಮಜ್ಜಿಗೆ ಕುಡಿಯಲು ಬಂದರು. ಅಡುಗೆಯ ತುಂಗವ್ವ ಕೈ ಒರೆಸಿಕೊಂಡು, “ಎಲ್ಲಿ, ಆ ಕಾಗದ ಕೊಡಿ” ಅಂದಳು. ಅವಳಿಗೆ ಓದು ಕಲಿಸಿದವರು ಯಾರೂ ಇಲ್ಲ. ಮಠದ ಮೋಟುಗೋಡೆಯಾಚೆ ಅಕ್ಕಿ ಕೇರುತ್ತಾ, ಕೇಳಿ ಕೇಳಿ, ಇಣುಕಿ ನೋಡಿ ಕಲಿತವಳು. ಹಾಗಾಗಿ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದುವ ಅಭ್ಯಾಸ.

ಹತ್ತನೆಯ ಸಾಲಿನಲ್ಲಿ ಬೆರಳು ನಿಂತಿತು.

“‘ಪಾಠ ಹೇಳಲು ಬಾಯಿ ತೆರೆದ ಹೊತ್ತು ಮಾತ್ರ ಲೆಕ್ಕಕ್ಕೆ ಸೇರತಕ್ಕದ್ದು.’ ಐಗಳೇ, ದಿನಕ್ಕೆ ಎಷ್ಟು ಹೊತ್ತು ಬಾಯಿ ತೆರೀತೀರಿ?”

“ನಾಲ್ಕು ಗಳಿಗೆ ಇರಬಹುದು. ಮಿಕ್ಕ ಹೊತ್ತು ಮಕ್ಕಳು ಅಕ್ಷರ ತಿದ್ದೋಕೆ ಮರಳು ಹಾಸಬೇಕು, ಬರೆಯೋ ಲೆಕ್ಕಣಿಕೆ ಕೆತ್ತಬೇಕು, ತಪ್ಪಿಸಿಕೊಂಡ ಹುಡುಗರನ್ನ ಮನೆಯಿಂದ ಎಳಕೊಂಡು ಬರಬೇಕು, ಅವರು ತಿದ್ದೋದನ್ನ ಕೂತು ನೋಡಬೇಕು.”

“ಹಾಗಾದರೆ ನಿಮ್ಮ ಸಂಬಳ ನಾಲ್ಕು ಪಾವು.”

ಐಗಳು ಮಜ್ಜಿಗೆಯ ಚೊಂಬು ಕೆಳಗಿಟ್ಟರು. “ಇರೋದರಲ್ಲಿ ಅರ್ಧ ಹೋಯಿತಲ್ಲ. ಮನೆಯಲ್ಲಿ ಏಳು ಬಾಯಿ, ತುಂಗವ್ವ.”

“ಊರಿಗೆಲ್ಲ ಓದು ಹೇಳಿಕೊಡೋರು ನೀವು. ಇದನ್ನ ಯಾಕೆ ಓದಲಿಲ್ಲ?”

“ಇನ್ನೊಮ್ಮೆ ಓದಿ ಅಂದರೆ ಮೊದಲ ಸಲ ಅರ್ಥವಾಗಲಿಲ್ಲ ಅಂತ ತಿಳಕೊಳ್ಳುತ್ತಾರಲ್ಲ. ಉಳಿದ ಐವರೂ ತಲೆಯಾಡಿಸಿದರು, ನಾನೂ ಆಡಿಸಿದೆ.”

“ಆ ಐವರೂ ನಿಮ್ಮ ತಲೆ ನೋಡಿಕೊಂಡೇ ಆಡಿಸಿರುತ್ತಾರೆ. ಹೋಗಿ, ನಾಳೆ ಊಟಕ್ಕೆ ಬನ್ನಿ.”

ಮಾರನೆಯ ಮಧ್ಯಾಹ್ನ ಸಾಲಾಗಿ ಎಲೆ ಹಾಕಿದರು. ದೊರೆ ಕೂತ, ಪಾರುಪತ್ಯಗಾರ ಕೂತ, ಐಗಳು ಕೂತರು. ತುಂಗವ್ವ ಸೌಟು ಹಿಡಿದು ಕಂಬದಂತೆ ನಿಂತಳು.

“ಬಡಿಸಬಾರದೇ, ತುಂಗವ್ವ?” ಅಂದ ದೊರೆ.

“ಬಡಿಸೋಕೇ ನಿಂತಿದ್ದೀನಿ, ಬುದ್ಧಿ.”

“ಅನ್ನ ಎಲ್ಲಿ?”

“ಅಕ್ಕಿ ಆರಿಸೋದು, ಕಾಯಿ ತುರಿಯೋದು, ಒಲೆ ಊದೋದು ಯಾವುದೂ ಕೆಲಸ ಅಲ್ಲವಂತೆ. ಎಲೆ ಮುಂದೆ ಸೌಟು ಆಡಿದರಷ್ಟೇ ಕೆಲಸ. ಅದಕ್ಕೇ ಸೌಟು ಮಾತ್ರ ತಂದೆ.”

“ಯಾವ ತಲೆಕೆಟ್ಟವನು ಹೇಳಿದ ಹಾಗಂತ?”

“ತಾವೇ. ಐಗಳ ಕರಾರಿನ ಹತ್ತನೆಯ ಸಾಲು.”

ದೊರೆ ಕಾಗದ ತರಿಸಿದ. ಅವನೂ ಅದನ್ನು ಮೊದಲ ಸಲ ಓದಿದ್ದು ಆಗಲೇ. ಓದಿ ಸುಬ್ಬರಸಯ್ಯನ ಕಡೆ ತಿರುಗಿದ.

“ಅದು ಐಗಳಿಗೆ ಬರೆದದ್ದು, ಪ್ರಭು. ಅಡುಗೆಯವಳಿಗಲ್ಲ,” ಅಂದ ಸುಬ್ಬರಸಯ್ಯ.

“ಮರಳು ಹಾಸದೆ ಮಗು ಎಲ್ಲಿ ತಿದ್ದಬೇಕು, ಸ್ವಾಮಿ? ಅಂಗೈ ಮೇಲಾ?” ಅಂದಳು ತುಂಗವ್ವ.

ದೊರೆಯ ಹೊಟ್ಟೆ ಗುರ್ ಅಂದಿತು. ಹತ್ತನೆಯ ಸಾಲನ್ನು ಅಲ್ಲೇ ಹೊಡೆದುಹಾಕಿಸಿದ. ಮಠದ ಬಾಗಿಲು ತೆಗೆದಾಗಿನಿಂದ ಹಾಕುವತನಕ ಎಲ್ಲ ಗಳಿಗೆಯೂ ಲೆಕ್ಕಕ್ಕೆ ಸೇರತಕ್ಕದ್ದು ಎಂದು ಕರಾರನ್ನು ಹೊಸದಾಗಿ ಬರೆಸಿದ. ಕೂಡಲೇ ಹಿಂದಿನ ಕೋಣೆಯಿಂದ ಹಬೆಯಾಡುವ ತಪ್ಪಲೆ ಬಂತು.

ಸುಬ್ಬರಸಯ್ಯ ಮಾತ್ರ ಎಲೆಗೆ ಕೈ ಹಾಕದೆ ದೊರೆಯ ಕಡೆ ಬಾಗಿದ. “ಪ್ರಭು, ಬಾಯಿ ಮುಚ್ಚಿ ಕೂತವರು ಪಾಠ ನೋಡುತ್ತಾರೋ ತೂಕಡಿಸುತ್ತಾರೋ ಯಾರಿಗೆ ಗೊತ್ತು? ಬೆಳಗಿನಿಂದ ಸಂಜೆತನಕ ಮಠದಲ್ಲಿ ಯಾರಾದರೂ ಕೂತು ಕಾಯಬೇಕು.”

“ಒಳ್ಳೆಯ ಮಾತು. ನಾಳೆಯಿಂದ ನೀವೇ ಹೋಗಿ ಕೂತುಕೊಳ್ಳಿ.”

“ಅಪ್ಪಣೆ. ಆ ಕೆಲಸಕ್ಕೆ ನನಗೆ ಬೇರೆ ಸಂಬಳ ಎಷ್ಟು, ಪ್ರಭು?”

ದೊರೆ ತುಂಗವ್ವನ ಮುಖ ನೋಡಿದ. ಅವಳು ಪಾರುಪತ್ಯಗಾರನ ಅನ್ನಕ್ಕೆ ತುಪ್ಪ ಬಿಡುತ್ತಾ ಅಂದಳು:

“ಮಠದಲ್ಲಿ ಸುಮ್ಮನೆ ಕೂತು ನೋಡೋದು ಕೆಲಸವೇ ಅಲ್ಲ ಅಂತ ಬರೆದವರು ತಾವೇ ಅಲ್ಲವಾ, ಸ್ವಾಮಿ? ಬಿಟ್ಟಿ ಕೂತಿರಿ.”

ದೊರೆಗೆ ನಗು ಬಂದು ಅನ್ನ ನೆತ್ತಿಗೆ ಹತ್ತಿತು. ನೀರು ಕುಡಿದು ಸುಧಾರಿಸಿಕೊಂಡು, ಬೆರಳಿನ ಉಂಗುರ ತೆಗೆದು ತುಂಗವ್ವನ ಕೈಗಿಟ್ಟ. ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಮುದ್ರೆಯವನು ಹೊಸ ಕರಾರಿಗೆ ಕೈ ಚಾಚಿದಾಗ, “ಇರಪ್ಪ” ಎಂದು ಅವನನ್ನು ತಡೆದು, ಕಾಗದವನ್ನು ಪರ್ವತಯ್ಯ ಐಗಳ ಮುಂದೆ ಇಟ್ಟಳು.

“ಮೊದಲಿಂದ ಓದಿ, ಐಗಳೇ. ಗಟ್ಟಿಯಾಗಿ.”