ಎರಡು ವಿಳಾಸಗಳ ಔಷಧಾಲಯ

ಕಪಿಲೆಯ ದಡದ ಆಶ್ರಮವೊಂದರಲ್ಲಿ ಬಡವರಿಗಾಗಿ ನಡೆಯುವ ಔಷಧಾಲಯವಿತ್ತು. ರೋಗಿಗಳ ವಿವರವೆಲ್ಲ ಕಂಪ್ಯೂಟರಿನ ಡೇಟಾಬೇಸಿನಲ್ಲಿತ್ತು. ಕಂಪ್ಯೂಟರು ಶಿಷ್ಯ ಗುರುಮಲ್ಲನ ವಶದಲ್ಲಿತ್ತು.

ಒಂದು ಮಧ್ಯಾಹ್ನ ಅವನು ಗುರು ನಿರ್ವಾಣಯ್ಯನವರ ಮುಂದೆ ಬಂದು ನಿಂತ. ಮುಖ ಬಿಳಿಚಿಕೊಂಡಿತ್ತು.

“ಬುದ್ಧಿ, ನನ್ನನ್ನು ಕಂಪ್ಯೂಟರಿನಿಂದ ಬಿಡಿಸಿ. ಅಡುಗೆಮನೆಗೆ ಹಾಕಿ.”

“ಅಡುಗೆಯವರು ನಿನಗೇನು ಅನ್ಯಾಯ ಮಾಡಿದ್ದಾರೆ?”

ಗುರುಮಲ್ಲ ನಗಲಿಲ್ಲ. ನಡೆದದ್ದನ್ನು ಹೇಳಿದ.

ಬೆಳಿಗ್ಗೆ ಸಣ್ಣತಾಯಮ್ಮ ಎಂಬ ಮುದುಕಿ ಕಾಲಿನ ಹುಣ್ಣು ಕೀವಾಗಿ ಬಂದಿದ್ದಳು. ಪೆನ್ಸಿಲಿನ್ ಅವಳ ಮೈಗೆ ಒಗ್ಗದು. ಅದನ್ನು ಗುರುಮಲ್ಲನೇ ಹಿಂದೊಮ್ಮೆ ಅವಳ ಪುಟದಲ್ಲಿ ಕೆಂಪಕ್ಷರದಲ್ಲಿ ದಾಖಲಿಸಿದ್ದ. ಡಾಕ್ಟರಮ್ಮ ಪರದೆ ನೋಡಿದರು. ಕೆಂಪಕ್ಷರ ಇರಲಿಲ್ಲ. ಸೂಜಿಗೆ ಮದ್ದು ತುಂಬಿದರು.

“ಅದು ಆ ಬಿಳೀ ಮದ್ದಾ? ನಂಗಾಗಕಿಲ್ಲ ಕಣವ್ವ! ಹೋದ್ಸಲ ಉಸ್ರೇ ನಿಂತೋಗಿತ್ತು” ಎಂದು ಮುದುಕಿಯೇ ಕೈ ಹಿಂದಕ್ಕೆಳೆದುಕೊಂಡಿದ್ದಳು.

“ನೀನು ಬರೆದದ್ದು ಎಲ್ಲಿ ಹೋಯಿತು?” ಎಂದರು ಗುರುಗಳು.

“ಎಲ್ಲಿಗೂ ಹೋಗಿಲ್ಲ, ಬುದ್ಧಿ. ಹೊಸ ಡೇಟಾಬೇಸಿನಲ್ಲಿದೆ. ತೆರೆದುಕೊಂಡದ್ದು ಹಳೆಯದು.”

“ಒಂದು ಔಷಧಾಲಯಕ್ಕೆ ಎರಡು ಡೇಟಾಬೇಸೇ?”

ಗುರುಮಲ್ಲ ಬಿಡಿಸಿ ಹೇಳಿದ.

ಡೇಟಾಬೇಸ್ ಎಲ್ಲಿದೆ ಎಂಬ ವಿಳಾಸವನ್ನು ತಂತ್ರಾಂಶವು ಒಂದು ಚಿಕ್ಕ ಕಡತದಿಂದ ಓದಿಕೊಳ್ಳುತ್ತದೆ. ಆ ಕಡತ ಹಿರಿಯ ಶಿಷ್ಯ ಕರಿಬಸಣ್ಣನದು. ಗುರುಮಲ್ಲನ ಬೆರಳು ಹಿಡಿದು ಕೀಲಿಮಣೆ ಕಲಿಸಿದ ಕರಿಬಸಣ್ಣ ಹೋದ ವರ್ಷ ತೀರಿಕೊಂಡಿದ್ದ. ಹಿರಿಯರು ಬರೆದದ್ದನ್ನು ಕಿರಿಯರು ಅಳಿಸಬಾರದು, ಪಕ್ಕದಲ್ಲಿ ತಮ್ಮದನ್ನು ಬರೆಯಬೇಕು ಎಂಬುದು ಆಶ್ರಮದ ಪದ್ಧತಿ. ಡೇಟಾಬೇಸನ್ನು ಒಳಕೋಣೆಯ ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಸಾಗಿಸಿದಾಗ ಗುರುಮಲ್ಲ ಪದ್ಧತಿಯನ್ನು ಪಾಲಿಸಿದ್ದ. ಹೊಸ ವಿಳಾಸವನ್ನು ಇನ್ನೊಂದು ಕಡತದಲ್ಲಿ ಬರೆದು ಹಳೆಯದರ ಪಕ್ಕದಲ್ಲಿಟ್ಟಿದ್ದ.

“ಹಳೆಯ ಕಂಪ್ಯೂಟರನ್ನಾದರೂ ಆರಿಸಿದೆಯಾ?”

“ಇಲ್ಲ, ಬುದ್ಧಿ. ಅದು ಅಣ್ಣ ಜೋಡಿಸಿದ್ದು.”

ಗುರುಗಳು ಎದ್ದರು. “ನಡೆ, ತೋರಿಸು.”

ಊಟದ ಬಿಡುವು. ಔಷಧಾಲಯ ಖಾಲಿಯಿತ್ತು. ಗುರುಮಲ್ಲ ತಂತ್ರಾಂಶವನ್ನು ತೆರೆದು ಸಣ್ಣತಾಯಮ್ಮನ ಪುಟ ತರಿಸಿದ. ಕೆಂಪಕ್ಷರ ಇತ್ತು.

“ಈಗ ಸರಿಯಾಗಿದೆ, ಬುದ್ಧಿ. ಬೆಳಿಗ್ಗೆ ಏನಾಯಿತೋ...”

ನಿರ್ವಾಣಯ್ಯನವರು ಗೋಡೆಯ ಸ್ವಿಚ್ಚು ಆರಿಸಿದರು. ಪರದೆ ಕಪ್ಪಾಯಿತು. ಮತ್ತೆ ಹಾಕಿದರು. ಕಂಪ್ಯೂಟರು ತಾನೇ ಎದ್ದಿತು, ತಂತ್ರಾಂಶ ತಾನೇ ತೆರೆದುಕೊಂಡಿತು. ಗುರುಮಲ್ಲ ಅದೇ ಪುಟವನ್ನು ತರಿಸಿದ. ಕೆಂಪಕ್ಷರ ಇರಲಿಲ್ಲ.

ಅವನು ಕಡತಗಳನ್ನು ಕೆದಕಿದ. ಕಾರಣ ನಿಚ್ಚಳವಾಗಿತ್ತು. ಕೈಯಿಂದ ತೆರೆದರೆ ತಂತ್ರಾಂಶ ಅವನ ಕಡತವನ್ನು ಕೊನೆಗೆ ಓದುತ್ತಿತ್ತು. ಕರೆಂಟು ಹೋಗಿ ಬಂದು ತಾನೇ ಎದ್ದರೆ ಕರಿಬಸಣ್ಣನದನ್ನು ಕೊನೆಗೆ ಓದುತ್ತಿತ್ತು. ಕೊನೆಗೆ ಓದಿದ್ದೇ ಅದಕ್ಕೆ ಆಜ್ಞೆ. ಬೆಳಿಗ್ಗೆ ಕರೆಂಟು ಹೋಗಿತ್ತು.

ಯಂತ್ರ ಭಕ್ತಿಯನ್ನು ಓದುವುದಿಲ್ಲ. ಅಕ್ಷರವನ್ನು ಓದುತ್ತದೆ.

“ಮೂರನೆಯ ಕಡತ ಬರೆದುಬಿಡುತ್ತೇನೆ, ಬುದ್ಧಿ. ಎರಡನ್ನೂ ಮೀರಿಸುವಂಥದ್ದು.”

“ಇಬ್ಬರು ಜಗಳವಾಡುವಲ್ಲಿ ಮೂರನೆಯವನೂ ಗಂಟಲು ಹರಿದುಕೊಂಡರೆ ಅದನ್ನು ನ್ಯಾಯ ಅನ್ನುವುದಿಲ್ಲ, ಮರಿ. ಸಂತೆ ಅನ್ನುತ್ತಾರೆ.”

“ಮತ್ತೇನು ಮಾಡಲಿ?”

“ನಿನಗೆ ಇಬ್ಬರು ಎರಡು ಮಾತು ಹೇಳಿದರೆ ಏನು ಮಾಡುತ್ತೀಯೆ?”

“ನಿಮ್ಮನ್ನು ಬಂದು ಕೇಳುತ್ತೇನೆ.”

“ಈ ಯಂತ್ರ ಯಾರನ್ನು ಕೇಳಿತು?”

ಗುರುಮಲ್ಲ ಪರದೆಯತ್ತ ತಿರುಗಿದ. “ಕೇಳುವುದನ್ನು ನಾನು ಇದಕ್ಕೆ ಕಲಿಸಿಲ್ಲ.”

“ಕಲಿಸು.”

ಅವನು ಕುಳಿತು ತಂತ್ರಾಂಶಕ್ಕೆ ಕೆಲವು ಸಾಲು ಸೇರಿಸಿದ. ಎದ್ದ ಕೂಡಲೇ ಅದು ಸಿಕ್ಕ ವಿಳಾಸಗಳನ್ನೆಲ್ಲ ಹೋಲಿಸಬೇಕು. ಒಂದಕ್ಕೊಂದು ಹೊಂದದಿದ್ದರೆ, ಯಾವ ಕಡತ ಏನು ಹೇಳುತ್ತಿದೆ ಎಂದು ತೋರಿಸಿ ಅಲ್ಲೇ ನಿಲ್ಲಬೇಕು.

“ಆದರೆ ಬುದ್ಧಿ, ಜನ ಸಾಲಿನಲ್ಲಿರುವಾಗ ಇದು ನಿಂತುಬಿಟ್ಟರೆ? ಡಾಕ್ಟರಮ್ಮ ನನ್ನ ಜನ್ಮ ಜಾಲಾಡಿಬಿಡುತ್ತಾರೆ.”

“ಜಾಲಾಡಲಿ. ಕಟ್ಟಿಹಾಕಿದ ದೋಣಿಯಲ್ಲಿ ಕೂತು ಯಾರೂ ಹೊಳೆಯ ಪಾಲಾದದ್ದನ್ನು ನಾನು ಕಂಡಿಲ್ಲ.”

ಗುರುಗಳು ಮತ್ತೆ ಸ್ವಿಚ್ಚು ಆರಿಸಿ ಹಾಕಿದರು. ಈ ಸಲ ಯಾರ ಪುಟವೂ ತೆರೆಯಲಿಲ್ಲ. ಪರದೆಯ ಮೇಲೆ ಕರಿಬಸಣ್ಣ ಕೊಟ್ಟ ವಿಳಾಸವೊಂದು, ಗುರುಮಲ್ಲ ಕೊಟ್ಟ ವಿಳಾಸವೊಂದು. ಕೆಳಗೆ ಒಂದೇ ಪ್ರಶ್ನೆ: ಯಾವುದು?

ಉತ್ತರ ಗುರುಮಲ್ಲನಿಗೆ ಗೊತ್ತಿತ್ತು. ಬೆರಳು ಅಳಿಸುವ ಕೀಲಿಯವರೆಗೆ ಹೋಗಿ ನಿಂತಿತು. ಕೆಳಗಿಳಿಯಲಿಲ್ಲ.

“ಅಣ್ಣನ ಗುರುತು ಅಂತ ಇರುವುದು ಇದೊಂದೇ, ಬುದ್ಧಿ.”

“ಬೆಳಗಿನ ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕಿದೆಯಾ?”

“ಇಲ್ಲ...”

“ಪಾಪ, ಹಸಿದಿರುತ್ತಾನೆ.”

“ಬುದ್ಧಿ! ಅಣ್ಣ ಇಲ್ಲ.”

“ನಿನಗೆ ಗೊತ್ತಿದೆ. ಇದಕ್ಕೆ ಯಾರು ಹೇಳಬೇಕು?”

ನಿರ್ವಾಣಯ್ಯನವರು ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಅವಸರಪಡಿಸಲಿಲ್ಲ. ಹೊರಗೆ ಜಗುಲಿಯ ಮೇಲೆ ಮಧ್ಯಾಹ್ನದ ರೋಗಿಗಳು ಬಂದು ಸೇರತೊಡಗಿದ್ದರು. ಯಾರೋ ಬಿಡದೆ ಕೆಮ್ಮುತ್ತಿದ್ದರು.

ತಪ್ಪಿ ಹಳೆಯ ಡೇಟಾಬೇಸಿಗೆ ಸೇರಿದ್ದ ವಿವರಗಳನ್ನು ಗುರುಮಲ್ಲ ಹೊಸದಕ್ಕೆ ಸಾಗಿಸಿದ. ಹಳೆಯ ಕಂಪ್ಯೂಟರನ್ನು ಆರಿಸಿದ. ಆಮೇಲೆ ಕರಿಬಸಣ್ಣನ ಕಡತವನ್ನು ಅಳಿಸಿದ.

ಈ ಸಲ ಸ್ವಿಚ್ಚನ್ನು ಅವನೇ ಆರಿಸಿ ಹಾಕಿದ. ಸಣ್ಣತಾಯಮ್ಮನ ಪುಟ ಕೆಂಪಕ್ಷರದೊಂದಿಗೆ ಬಂತು. ಅವನು ಅದನ್ನು ಓದಲಾರದೆ ಕಣ್ಣೊರೆಸಿಕೊಂಡ.

“ಮುಗಿಯಿತು, ಬುದ್ಧಿ. ಈ ಮನೆಯಲ್ಲಿ ಅಣ್ಣನದು ಅಂತ ಇನ್ನೇನೂ ಉಳಿಯಲಿಲ್ಲ.”

ಗುರುಗಳು ಅವನ ಬಲಗೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು, ಮೇಲೆತ್ತಿ, ಅವನಿಗೇ ತೋರಿಸಿದರು.

“ಈ ಬೆರಳುಗಳ ಪಾಠ ಯಾರದು, ಮರಿ?”